ಪರದೇಶದ ವೃದ್ಧರ ಸೇವೆಗೆ ನಮ್ಮ ಮಕ್ಕಳನ್ನು ಕರೆಯುವ ರೀತಿಯ ವಿಷಯವಾಗಿ

ದೇವನಹಳ್ಳಿಯ ಬಳಿಯಲ್ಲಿ 2008ನೆಯ ಇಸವಿಯಲ್ಲಿ ವಿಮಾನ ನಿಲ್ದಾಣವು ತೆರೆಯಲ್ಪಟ್ಟಂದಿನಿಂದ ನಮ್ಮ ಸುತ್ತಣ ಹಳ್ಳಿಗಳವರಿಗೆ ಆಕಾಶದ ಹಾದಿಯು ಹೊಸದಲ್ಲ. ರಾಗಿಯ ಹೊಲದಲ್ಲಿ ಕಳೆ ಕೀಳುತ್ತಾ ತಲೆಯೆತ್ತಿ ವಿಮಾನವನ್ನು ನೋಡಿದವರ ಮಕ್ಕಳೇ ಈಗ ಅದರಲ್ಲಿ ಕೂತು ದೇಶಾಂತರ ಹೋಗುವ ಕಾಲವು ಬಂದದೆ. ಹೀಗೆ ಹೋಗುವವರಲ್ಲಿ ಕೆಲವರು ಯಂತ್ರದ ಕೆಲಸಕ್ಕಾಗಲಿ ಲೆಕ್ಕಪತ್ರದ ಕೆಲಸಕ್ಕಾಗಲಿ ಹೋಗುವದಿಲ್ಲ. ಅಲ್ಲಿಯ ಮುದುಕರನ್ನೂ ಕೈಕಾಲು ಸ್ವಾಧೀನವಿಲ್ಲದವರನ್ನೂ ನೋಡಿಕೊಳ್ಳುವದಕ್ಕೆ ಹೋಗುತ್ತಾರೆ. ಹೆತ್ತವರನ್ನು ಬಿಟ್ಟು ಹೀಗೆ ಹೋಗುವದು ಸರಿಯೋ ತಪ್ಪೋ ಎಂದು ಕೇಳುವವರು ನಮ್ಮ ಸಭೆಗಳಲ್ಲಿ ಉಂಟು. ನಮ್ಮ ಅಭಿಪ್ರಾಯವೇನಂದರೆ, ಪ್ರಶ್ನೆಯನ್ನು ಮೊದಲು ಹೋಗುವವಳ ಮೇಲೆ ಹಾಕತಕ್ಕದ್ದಲ್ಲ. ಹಸಿವು ಇರುವಲ್ಲಿಂದ ಅನ್ನ ಇರುವಲ್ಲಿಗೆ ಮನುಷ್ಯರು ಹೋಗುವದು ಅಬ್ರಹಾಮನ ಕಾಲದಿಂದಲೂ ಇದೆ. ಕೇಳತಕ್ಕದ್ದು ಕರೆಯುವವರನ್ನು: ನೀವು ಯಾವ ಮಾತು ಹೇಳಿ ಕರೆದಿರಿ? ಕರೆದ ಮೇಲೆ ಹೇಗೆ ಇಟ್ಟುಕೊಂಡಿರಿ?

ಈ ಕರೆಯು ಯಾಕೆ ಬಂತೆಂದು ಸ್ವಲ್ಪ ತಿಳಿಯುವದು ಅವಶ್ಯ. ಜಪಾನ್, ಜರ್ಮನಿ, ಬ್ರಿಟನ್ ಮುಂತಾದ ದೇಶಗಳಲ್ಲಿ ಜನರ ಆಯುಸ್ಸು ಹೆಚ್ಚಿತು, ಹುಟ್ಟುವ ಮಕ್ಕಳು ಕಡಿಮೆಯಾದರು. ಎಂಬತ್ತು ತೊಂಬತ್ತು ವರುಷದವರು ಬಹಳ. ಅವರನ್ನು ಎಬ್ಬಿಸಿ, ಮೈ ತೊಳಿಸಿ, ಮಗ್ಗುಲು ಬದಲಿಸಿ, ಗಂಜಿ ಕುಡಿಸುವ ಕೈಗಳು ಸ್ವಲ್ಪ. ಆ ಕೆಲಸಕ್ಕೆ ಆ ದೇಶದವರೇ ಸಾಕಷ್ಟು ಬರುವದಿಲ್ಲ, ಯಾಕಂದರೆ ಕಷ್ಟವು ಹೆಚ್ಚು, ಸಂಬಳವು ಕಡಿಮೆ. ಮರೆವಿನ ರೋಗ ಹಿಡಿದ ವೃದ್ಧೆಯೊಬ್ಬಳು ಒಂದು ರಾತ್ರಿಯಲ್ಲಿ ಹತ್ತು ಸಾರಿ ಎದ್ದು ಬಾಗಿಲು ತೆಗೆಯಹೋದರೆ ಹತ್ತು ಸಾರಿಯೂ ಕೋಪಿಸದೆ ಕೈಹಿಡಿದು ಕರೆತರುವದು ಸುಲಭದ ಕೆಲಸವಲ್ಲ. ಅದು ವಿದ್ಯೆಯನ್ನೂ ತಾಳ್ಮೆಯನ್ನೂ ಒಟ್ಟಿಗೆ ಬೇಡುವ ಕೆಲಸ.

ಇದನ್ನು ಹೀನವೆಂದು ನಮ್ಮವರು ಎಣಿಸಿದ್ದಿಲ್ಲ. ದಾದಿಯ ಕೆಲಸವು ಮೈಲಿಗೆಯದೆಂದು ಅನೇಕ ಮನೆತನದವರು ತಮ್ಮ ಹೆಣ್ಣುಮಕ್ಕಳನ್ನು ಕಳುಹಿಸದೆ ಇದ್ದ ಕಾಲದಲ್ಲಿ ಕ್ರೈಸ್ತ ಸಭೆಗಳ ಹುಡುಗಿಯರೂ ವಿಧವೆಯರೂ ಮಿಶನ್ ಆಸ್ಪತ್ರೆಗಳಲ್ಲಿ ಅದನ್ನು ಕಲಿತರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯು 1906ರಲ್ಲಿ ತೆರೆಯಲ್ಪಟ್ಟಿತು. ನಮಗೆ ಸಮೀಪವಾದ ಚಿಕ್ಕಬಳ್ಳಾಪುರದ ಮಿಶನ್ ಆಸ್ಪತ್ರೆಯನ್ನು ಅರಿಯದವರು ಈ ಕಡೆಯಲ್ಲಿ ಸ್ವಲ್ಪ ಮಂದಿಯೇ. ಆದದರಿಂದ ಪರದೇಶದವರು ಸೇವೆಗೆ ಜನರನ್ನು ಹುಡುಕುವಾಗ ದಲ್ಲಾಳಿಯು ನಮ್ಮ ಕೇರಿಗಳ ಕಡೆಗೂ ಬರುವದು ಆಶ್ಚರ್ಯವಲ್ಲ.

ಈಗ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ದೊಡ್ಡಬಳ್ಳಾಪುರದ ಕಡೆಯವರು, ತಂದೆಯು ವಿದ್ಯುತ್ ಮಗ್ಗದಲ್ಲಿ ಕೂಲಿಗೆ ನೇಯುವವನು, ತಾಯಿಯು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು, ಮಗಳು ನರ್ಸಿಂಗ್ ಕಲಿತು ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಅಲ್ಪ ಸಂಬಳಕ್ಕೆ ಇರುವವಳು. ಒಬ್ಬ ಏಜೆಂಟನು ಮನೆಗೆ ಬಂದು ಜಗಲಿಯ ಮೇಲೆ ಕೂತು, "ಅಮ್ಮಾ, ಎಂಟು ಲಕ್ಷ ಹೊಂದಿಸಿಕೊಡಿ, ಮೂರು ತಿಂಗಳಲ್ಲಿ ನಿಮ್ಮ ಮಗಳು ಲಂಡನ್ನಿನಲ್ಲಿ ಇರುತ್ತಾಳೆ, ಒಂದೇ ವರುಷದಲ್ಲಿ ಸಾಲ ತೀರಿ ಹೋಗುತ್ತದೆ" ಎನ್ನುತ್ತಾನೆ. ಒಡವೆಯನ್ನು ಅಡವಿಡುತ್ತಾರೆ, ಚೀಟಿಯನ್ನು ಕೂಗುತ್ತಾರೆ, ಉಳಿದದ್ದಕ್ಕೆ ಕೈಸಾಲ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯ ಬಡ್ಡಿಯೆಂದು ಲೆಕ್ಕ ಹಾಕಿದರೂ ಎಂಟು ಲಕ್ಷಕ್ಕೆ ತಿಂಗಳಿಗೆ 16,000 ರೂಪಾಯಿ, ವರುಷಕ್ಕೆ 1,92,000 ರೂಪಾಯಿ ಬಡ್ಡಿಯೇ ಆಗುತ್ತದೆ. ಅಸಲು ಹಾಗೆಯೇ ಕೂತಿರುತ್ತದೆ. ನಮ್ಮ ದೇಶದ 1983ರ ವಲಸೆ ಕಾಯಿದೆಯ ನಿಯಮಗಳ ಪ್ರಕಾರ ನೋಂದಣಿಯಾದ ಏಜೆಂಟನು ಕೆಲಸಗಾರನಿಂದ ತನ್ನ ಸೇವೆಗಾಗಿ 30,000 ರೂಪಾಯಿಗಳನ್ನೂ ಅದರ ಮೇಲಣ ತೆರಿಗೆಯನ್ನೂ ಮೀರಿ ತೆಗೆದುಕೊಳ್ಳಕೂಡದು. ನೋಂದಣಿಯಿಲ್ಲದವನು ಹೀಗೆ ಜನರನ್ನು ಸೇರಿಸುವದೇ ಅಪರಾಧ. ಎಂಟು ಲಕ್ಷವೆಲ್ಲಿ, ಮೂವತ್ತು ಸಾವಿರವೆಲ್ಲಿ!

ಹಣ ಹೋಯಿತೆಂಬದು ಇಲ್ಲಿಯ ದೊಡ್ಡ ಕೇಡಲ್ಲ. ಆ ಹುಡುಗಿಯು ವಿಮಾನ ಹತ್ತುವದಕ್ಕೆ ಮೊದಲೇ ಸ್ವತಂತ್ರಳಾಗಿ ಉಳಿದಿಲ್ಲವೆಂಬದೇ ದೊಡ್ಡ ಕೇಡು. ಆಕೆಯ ಯಜಮಾನನು ಹದಿನಾಲ್ಕು ತಾಸು ದುಡಿಸಿದರೂ, ಹೇಳಿದ ಸಂಬಳದಲ್ಲಿ ಅರ್ಧ ಕೊಟ್ಟರೂ, ಒಂದು ಕೋಣೆಯಲ್ಲಿ ಆರು ಮಂದಿಯನ್ನು ಮಲಗಿಸಿ ಬಾಡಿಗೆ ಹಿಡಿದರೂ ಆಕೆ ಬಾಯಿ ತೆರೆಯಲಾರಳು; ಯಾಕಂದರೆ ಕೆಲಸ ಬಿಟ್ಟು ಬಂದರೆ ಊರಲ್ಲಿ ತಂದೆಯ ಮಗ್ಗದ ಮನೆಯ ಬಾಗಿಲಿಗೆ ಸಾಲಗಾರನು ಬರುತ್ತಾನೆ. ಜೀತವೆಂದರೇನೆಂದು ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಮದುವೆಗೋ ರೋಗಕ್ಕೋ ಗೌಡರಿಂದ ಮುಂಗಡ ತಂದು, ಅದರ ಬಡ್ಡಿಗೆ ಮೈ ಕೊಟ್ಟು, ತಂದೆಯ ಸಾಲಕ್ಕೆ ಮಗನೂ ದುಡಿದದ್ದು ಅನೇಕ ಮನೆಗಳ ಕಥೆಯೇ ಆಗಿದೆ. 1976ರ ಕಾಯಿದೆಯು ಅಂಥ ಸಾಲಗಳನ್ನು ರದ್ದುಮಾಡಿ ಜೀತದವರನ್ನು ಬಿಡಿಸಿತು. ಜೀತದಲ್ಲಿ ಸರಪಣಿ ಇರಲಿಲ್ಲ. ಸಾಲದ ಲೆಕ್ಕವೇ ಸರಪಣಿಯಾಗಿತ್ತು. ಈಗಲೂ ಹಾಗೆಯೇ. ವ್ಯತ್ಯಾಸವಿಷ್ಟೇ: ಹಿಂದೆ ಮುಂಗಡ ಕೊಟ್ಟವನೂ ದುಡಿಸಿಕೊಂಡವನೂ ಒಬ್ಬನೇ ಆಗಿದ್ದನು, ಈಗ ಮೂವರು ನಾಲ್ವರು ದೇಶಕ್ಕೊಬ್ಬರಂತೆ ಹಂಚಿಕೊಂಡಿರುವದರಿಂದ ಯಾರೊಬ್ಬರನ್ನೂ ಹಿಡಿಯುವಂತಿಲ್ಲ.

ಯಾಕೋಬನು ಲಾಬಾನನ ಮನೆಯಲ್ಲಿ ಏಳು ವರುಷ ಸೇವೆ ಮಾಡಿದ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಹೇಳಿದ್ದು ಒಂದು, ಕೊಟ್ಟದ್ದು ಮತ್ತೊಂದು. ಪುನಃ ಏಳು ವರುಷ. ಆಮೇಲೆ ಸಂಬಳವನ್ನು ಹತ್ತು ಸಾರಿ ಬದಲಾಯಿಸಿದ್ದು. ಲಾಬಾನನು ಪರಕೀಯನಲ್ಲ, ಸೋದರಮಾವನು ಎಂಬದನ್ನು ಮಾತ್ರ ನಾವು ಮರೆಯುತ್ತೇವೆ. ಏಜೆಂಟನೂ ಅನೇಕ ವೇಳೆ ಪರಕೀಯನಲ್ಲ. ನಮ್ಮ ಭಾಷೆಯವನು, ಕೆಲವು ಸಾರಿ ನಮ್ಮ ಆರಾಧನೆಗೂ ಬರುವವನು.

ಬ್ರಿಟನಿನ ಸಂಗತಿಯನ್ನು ನೋಡಿದರೆ ಇದು ಬರೇ ಊಹೆಯಲ್ಲವೆಂದು ತಿಳಿಯುವದು. ಆ ದೇಶವು 2022ರ ಫೆಬ್ರವರಿಯಲ್ಲಿ ವೃದ್ಧರ ಆರೈಕೆಯ ಕೆಲಸಗಾರರಿಗೆ ವೀಸಾದ ಬಾಗಿಲನ್ನು ತೆರೆಯಿತು. ಭಾರತ, ನೈಜೀರಿಯ, ಜಿಂಬಾಬ್ವೆ ಮೊದಲಾದ ದೇಶಗಳಿಂದ ಜನರು ಗುಂಪುಗುಂಪಾಗಿ ಹೋದರು. ಹೋಗಬೇಕಾದರೆ ಅಲ್ಲಿಯ ಒಬ್ಬ ಯಜಮಾನನು ಪ್ರಾಯೋಜಕನಾಗಿ ಪತ್ರ ಕೊಡಬೇಕು. ಆ ಪತ್ರವು ಮಾರುವ ವಸ್ತುವಲ್ಲ; ಕೆಲಸಗಾರರಿಂದ ನೇಮಕದ ಶುಲ್ಕ ತೆಗೆದುಕೊಳ್ಳಬಾರದೆಂದು ಆ ಸರಕಾರವೇ ನೇಮಕದ ನಡವಳಿಕೆಗೆ ನಿಯಮ ಬರೆದಿತ್ತು. ಆದರೂ ಅದು ಲಕ್ಷಗಟ್ಟಲೆ ರೂಪಾಯಿಗೆ ಮಾರಲ್ಪಟ್ಟಿತು. ಕೆಲವರು ಅಲ್ಲಿಗೆ ಇಳಿದ ಮೇಲೆ ಕೆಲಸವೇ ಇಲ್ಲವೆಂದು ಕಂಡರು. ಕೆಲವರಿಗೆ ವಾರಕ್ಕೆ ಕೆಲವೇ ತಾಸುಗಳ ಕೆಲಸ. ನಿಯಮ ಮೀರಿದ ಸಂಸ್ಥೆಗಳನ್ನು ಸರಕಾರವು ಶಿಕ್ಷಿಸಿತು. 2022ರ ಜುಲೈಯಿಂದ 2024ರ ಡಿಸೆಂಬರಿನ ತನಕ ಆರೈಕೆಯ ಸಂಸ್ಥೆಗಳಲ್ಲಿ 470ಕ್ಕಿಂತ ಹೆಚ್ಚು ಪ್ರಾಯೋಜಕ ಪರವಾನಗಿಗಳನ್ನು ಕಿತ್ತುಕೊಂಡಿತು. ಇದು ನ್ಯಾಯವೇ. ಆದರೆ ಆ ಸಂಸ್ಥೆಗಳ ಹೆಸರಿನಲ್ಲಿ ಬಂದಿದ್ದ ಕೆಲಸಗಾರರು 39,000ಕ್ಕಿಂತ ಹೆಚ್ಚು ಮಂದಿ. ಯಜಮಾನನು ತಪ್ಪು ಮಾಡಿದನು. ಅರುವತ್ತು ದಿವಸಗಳೊಳಗೆ ಬೇರೆ ಯಜಮಾನನನ್ನು ಹುಡುಕು, ಇಲ್ಲವೇ ದೇಶ ಬಿಡು ಎಂಬ ಪತ್ರವು ಮಾತ್ರ ಕೆಲಸಗಾರಳಿಗೆ ಬಂತು. ಕಳ್ಳನ ಅಂಗಡಿಯನ್ನು ಮುಚ್ಚುವಾಗ ಕಳವು ಹೋದವನನ್ನೂ ಬೀದಿಗೆ ದಬ್ಬಿದ ಹಾಗಾಯಿತು.

2024ರ ಮಾರ್ಚಿಯಿಂದ ಈ ಕೆಲಸಕ್ಕೆ ಹೊಸದಾಗಿ ಬರುವವರು ಗಂಡಹೆಂಡತಿ ಮಕ್ಕಳನ್ನು ಕರೆತರಕೂಡದೆಂದು ನಿಯಮವಾಯಿತು. 2025ರ ಏಪ್ರಿಲಿನಲ್ಲಿ, ಹೀಗೆ ಕೆಲಸ ಕಳಕೊಂಡು ಅಲ್ಲಿಯೇ ಇರುವವರನ್ನು ಮೊದಲು ತೆಗೆದುಕೊಳ್ಳಲು ಪ್ರಯತ್ನಿಸಬೇಕೆಂದು ಇಂಗ್ಲೆಂಡಿನ ಸಂಸ್ಥೆಗಳಿಗೆ ಆಜ್ಞೆಯಾಯಿತು. ಇದು ಒಳ್ಳೆಯದು, ಆದರೆ ತಡವಾಗಿ ಬಂತು. 2025ರ ಜುಲೈ 22ರಿಂದ ಹೊರದೇಶಗಳಿಂದ ಹೊಸ ಆರೈಕೆಗಾರರನ್ನು ಕರೆಯುವದೇ ನಿಂತುಹೋಯಿತು. ಆದದರಿಂದ ಇನ್ನು ಮುಂದೆ ಯಾವನಾದರೂ ಬಂದು ಊರಿನಿಂದಲೇ ಬ್ರಿಟನಿನ ಕೇರ್ ವೀಸಾ ಮಾಡಿಸಿ ಕೊಡುತ್ತೇನೆಂದರೆ ಅವನು ಮುಚ್ಚಿದ ಬಾಗಿಲನ್ನು ಮಾರುವವನೆಂದು ವಾಚಕರು ತಿಳಿಯಲಿ.

ಇಸ್ರಾಯೇಲ್ ದೇಶದ ವಿಷಯವು ನಮ್ಮ ಕರಾವಳಿಯವರಿಗೆ ಹೆಚ್ಚು ಪರಿಚಯ. ಮಂಗಳೂರು ಉಡುಪಿಗಳ ಅನೇಕ ಕ್ರೈಸ್ತ ಕುಟುಂಬಗಳಿಂದ ಗಂಡಸರೂ ಹೆಂಗಸರೂ ಅಲ್ಲಿಯ ಮನೆಗಳಲ್ಲಿದ್ದು ವೃದ್ಧರನ್ನು ನೋಡಿಕೊಳ್ಳುತ್ತಾರೆ. ಕೆಲಸಗಾರನ ವೀಸಾವನ್ನು ಒಬ್ಬನೇ ಯಜಮಾನನಿಗೆ ಕಟ್ಟಿಹಾಕುವ ಪದ್ಧತಿಯು ಮನುಷ್ಯನ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಆ ದೇಶದ ಮೇಲಿನ ನ್ಯಾಯಾಲಯವು 2006ರಲ್ಲಿ ತೀರ್ಪು ಕೊಟ್ಟಿತು. ಆದರೂ 2011ರಲ್ಲಿ ಕಾನೂನನ್ನು ತಿದ್ದಿ ಬೇರೆ ವಿಧವಾದ ಕಟ್ಟುಗಳನ್ನು ಪುನಃ ತಂದರು. 2023ರಲ್ಲಿ ಕಟ್ಟಡದ ಕೆಲಸಗಾರರ ಮತ್ತು ಆರೈಕೆಗಾರರ ವಿಷಯವಾಗಿ ಭಾರತಕ್ಕೂ ಇಸ್ರಾಯೇಲಿಗೂ ಒಪ್ಪಂದವಾಯಿತು; ದಲ್ಲಾಳಿಯ ಬದಲಾಗಿ ಎರಡು ಸರಕಾರಗಳು ನಡುವೆ ನಿಲ್ಲುವದು ಒಳ್ಳೆಯದೆಂದೇ ನಾವು ಎಣಿಸುತ್ತೇವೆ. ಅದೇ ವರುಷದ ಅಕ್ಟೋಬರ್ 7ರಂದು ಆಯುಧಧಾರಿಗಳು ನುಗ್ಗಿದಾಗ ನೀರ್ ಓಜ್ ಎಂಬ ಊರಿನಲ್ಲಿ ಕೇರಳದ ಇಬ್ಬರು ಆರೈಕೆಯ ಸ್ತ್ರೀಯರು ವೃದ್ಧರೊಂದಿಗೆ ಒಳಕೋಣೆಯಲ್ಲಿ ಸೇರಿ ಬಾಗಿಲ ಹಿಡಿಯನ್ನು ತಾಸುಗಟ್ಟಲೆ ಬಿಗಿಯಾಗಿ ಹಿಡಿದು ಅವರ ಪ್ರಾಣವನ್ನು ಉಳಿಸಿದರು. ನಮ್ಮ ಸರಕಾರವು ಜನರನ್ನು ಕರೆತರಲು ವಿಮಾನಗಳನ್ನು ಕಳುಹಿಸಿದಾಗಲೂ ಅನೇಕ ಆರೈಕೆಗಾರರು ಬರಲಿಲ್ಲ. ತಮ್ಮ ವೃದ್ಧರನ್ನು ಬಿಟ್ಟು ಬರಲಾರೆವೆಂದು ಕೆಲವರೂ, ತೀರದ ಸಾಲವನ್ನು ನೆನೆದು ಕೆಲವರೂ ನಿಂತಿರಬಹುದು. ಒಬ್ಬಳೇ ಹೆಂಗಸಿನಲ್ಲಿ ಈ ಎರಡು ಕಾರಣಗಳೂ ಇರಬಾರದೆಂದಿಲ್ಲ. ಅವಳ ಪ್ರೀತಿಯನ್ನು ಹೊಗಳಿ ಸಾಲದ ವಿಷಯದಲ್ಲಿ ಸುಮ್ಮನಿರುವದು ನಮಗೆ ಸರಿದೋರುವದಿಲ್ಲ.

ಅರಬ್ ದೇಶಗಳ ಮನೆಗೆಲಸಕ್ಕೂ ಮುದುಕರ ಆರೈಕೆಗೂ ಹೋಗುವವರ ಸ್ಥಿತಿಯು ಇನ್ನೂ ಕಠಿನ. ಹತ್ತನೆಯ ತರಗತಿ ಮುಗಿಸದವರು ಗೊತ್ತು ಮಾಡಿದ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರಕಾರದ ವಲಸೆ ಅನುಮತಿ ಬೇಕು; ಅಂಥ ಹೆಂಗಸರಿಗೆ ಮೂವತ್ತು ವರುಷ ತುಂಬಿರಬೇಕು. ಈ ಕಾವಲನ್ನು ತಪ್ಪಿಸುವದಕ್ಕೆ ದಲ್ಲಾಳಿಗಳು ನೋಡಿಬರುವ ವೀಸಾ ಎಂದು ಸುಳ್ಳು ಹೇಳಿ ಕಳುಹಿಸುತ್ತಾರೆ. ಹಾಗೆ ಹೋದವಳ ಹೆಸರು ನಮ್ಮ ಸರಕಾರದ ಯಾವ ಪುಸ್ತಕದಲ್ಲಿಯೂ ಕೆಲಸಗಾರಳೆಂದು ಇರುವದಿಲ್ಲ. 2016ರಲ್ಲಿ ನಮ್ಮ ಕರಾವಳಿಯ ಒಬ್ಬ ಹೆಣ್ಣುಮಗಳು ಒಂದು ದೇಶಕ್ಕೆಂದು ಹೊರಟು ಬೇರೊಂದು ದೇಶಕ್ಕೆ ಒಯ್ಯಲ್ಪಟ್ಟಳು. ಆಕೆಯನ್ನು ಬಿಡಿಸಿ ತರುವದಕ್ಕೆ ಉಡುಪಿಯ ಮಾನವ ಹಕ್ಕುಗಳ ಪ್ರತಿಷ್ಠಾನದವರು ಒಂದು ವರುಷಕ್ಕಿಂತ ಹೆಚ್ಚು ಕಾಲ ಓಡಾಡಬೇಕಾಯಿತು.

ಇಲ್ಲಿ ಒಂದು ಆಕ್ಷೇಪಣೆಯನ್ನು ವಿಚಾರಿಸಬೇಕು. ಕೆಲವರು ಹೇಳುವದೇನಂದರೆ, ಯಾರೂ ಅವರನ್ನು ಬಲಾತ್ಕಾರದಿಂದ ಎಳಕೊಂಡು ಹೋಗಲಿಲ್ಲ; ತಾವೇ ರುಜು ಹಾಕಿದರು; ಒಪ್ಪಿದವನಿಗೆ ಅನ್ಯಾಯವೆಂಬದು ಎಲ್ಲಿಯದು? ಈ ಮಾತು ಹೊಸದಲ್ಲ. 1834ರಿಂದ ಮಾರಿಷಸ್, ತರುವಾಯ ಫಿಜಿ ಮುಂತಾದ ದ್ವೀಪಗಳ ಕಬ್ಬಿನ ತೋಟಗಳಿಗೆ ನಮ್ಮ ದೇಶದ ಬಡವರನ್ನು ಐದೈದು ವರುಷದ ಕರಾರಿನ ಮೇಲೆ ಸಾಗಿಸಿದಾಗಲೂ ತೋಟದ ಒಡೆಯರು ಹೀಗೆಯೇ ಹೇಳಿದರು: ಕಾಗದ ಇದೆ, ಹೆಬ್ಬೆಟ್ಟು ಇದೆ. ದಿಲ್ಲಿಯ ಕೇಂಬ್ರಿಜ್ ಮಿಶನ್ನಿಗೆ ಬಂದು ನಮ್ಮ ದೇಶದವರನ್ನೇ ತನ್ನವರೆಂದೆಣಿಸಿದ ಸಿ. ಎಫ್. ಆಂಡ್ರೂಸರು 1915ರಲ್ಲಿ ಪಿಯರ್ಸನರೊಂದಿಗೆ ಫಿಜಿಗೆ ಹೋಗಿ ಕೂಲಿಗಳ ಸಾಲುಮನೆಗಳನ್ನು ಹೊಕ್ಕು ವಿಚಾರಿಸಿದರು. ಆ ಕರಾರಿನವರಲ್ಲಿ ಅನೇಕರು ಮೋಸಹೋಗಿ ಬಂದವರು. ಎಲ್ಲಿಗೆ ಹೋಗುತ್ತೇವೆ, ಅಲ್ಲಿ ಏನು ಮಾಡಿಸುತ್ತಾರೆ, ಕೆಲಸ ತಪ್ಪಿದರೆ ಯಾವ ಶಿಕ್ಷೆ ಎಂಬದು ಅವರಿಗೆ ಸರಿಯಾಗಿ ತಿಳಿಸಲ್ಪಟ್ಟಿರಲಿಲ್ಲ. ಅವರು ಬರೆದ ವರದಿಯೂ ದೇಶದಲ್ಲಿ ಎದ್ದ ಕೂಗೂ ಸೇರಿ 1917ರಲ್ಲಿ ಅಂಥ ಸಾಗಾಟವು ನಿಂತಿತು. ಫಿಜಿಯಲ್ಲಿ ಉಳಿದಿದ್ದ ಕರಾರುಗಳು 1920ರ ಜನವರಿ ಒಂದರಂದು ರದ್ದಾದವು.

ಇದರಿಂದ ನಾವು ಕಲಿಯುವದೇನು? ಒಪ್ಪಿಗೆಯೆಂಬದು ಬರೇ ರುಜುವಲ್ಲ. ಒಪ್ಪುವವನಿಗೆ ಸತ್ಯವು ತಿಳಿದಿರಬೇಕು, ಬೇಡವೆನ್ನುವದಕ್ಕೆ ಅವಕಾಶವಿರಬೇಕು, ಒಪ್ಪಿದ ಮೇಲೂ ಮೋಸ ಕಂಡರೆ ಬಿಟ್ಟುಬರುವ ದಾರಿ ತೆರೆದಿರಬೇಕು. ಈ ಮೂರರಲ್ಲಿ ಮೂರನೆಯದನ್ನೇ ಜನರು ಹೆಚ್ಚಾಗಿ ಮರೆಯುತ್ತಾರೆ, ಮತ್ತು ನಮ್ಮ ಎಣಿಕೆಯಲ್ಲಿ ಅದೇ ಮುಖ್ಯವಾದದ್ದು. ಯಾಕಂದರೆ ದೂರದೇಶದ ಮನೆಯೊಳಗಣ ಸಂಗತಿಯನ್ನು ಮೊದಲೇ ಪೂರ್ತಿಯಾಗಿ ತಿಳಿಯುವದು ಯಾರಿಂದಲೂ ಆಗದು. ಹಿಂದಿರುಗುವ ದಾರಿ ತೆರೆದಿದ್ದರೆ ತಿಳಿಯದೆ ಹೋದವಳೂ ಬದುಕಿಕೊಂಡಾಳು. ಪಾಸ್‌ಪೋರ್ಟನ್ನು ಯಜಮಾನನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ, ಅಥವಾ ಎರಡು ವರುಷದೊಳಗೆ ಕೆಲಸ ಬಿಟ್ಟರೆ ಇಷ್ಟು ಸಾವಿರ ಪೌಂಡು ತೆರಬೇಕೆಂದು ಕರಾರಿನಲ್ಲಿ ಬರೆಯಿಸಿಕೊಂಡರೆ, ಎಷ್ಟು ಚೆನ್ನಾಗಿ ತಿಳಿದು ಹೋದವಳೂ ಸಿಕ್ಕಿಬೀಳುತ್ತಾಳೆ.

ಹಾಗಾದರೆ ನ್ಯಾಯವಾಗಿ ಕರೆಯುವದು ಆಗುವ ಮಾತೋ? ಆಗುತ್ತದೆ. ಖಾಸಗಿ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ತೆಗೆಯಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1997ರಷ್ಟು ಹಿಂದೆಯೇ ನಿರ್ಣಯಿಸಿತು. ಕೆಲಸಗಾರನು ಬೇಕಾದವನೇ ಅವನನ್ನು ತರುವ ಖರ್ಚನ್ನು ಹೊರಲಿ ಎಂಬದೇ ಇದರ ತಾತ್ಪರ್ಯ. ಎತ್ತು ಬೇಕಾದವನು ಎತ್ತಿನಿಂದ ದುಡ್ಡು ಕೇಳುವದಿಲ್ಲವಷ್ಟೆ. ಜರ್ಮನಿಯು ಕೇರಳ ಸರಕಾರದ ನೋರ್ಕಾ ಸಂಸ್ಥೆಯೊಂದಿಗೆ 2021ರ ಡಿಸೆಂಬರಿನಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ದಾದಿಯರಿಂದ ಹಣ ತೆಗೆಯದೆ ಮೊದಲು ಭಾಷೆ ಕಲಿಸಿ ಕರೆದೊಯ್ಯುತ್ತಾರೆ. ಜಪಾನಿನೊಂದಿಗೂ 2021ರ ಜನವರಿಯಲ್ಲಿ ನಮ್ಮ ಸರಕಾರವು ಮಾಡಿದ ಒಪ್ಪಂದದಲ್ಲಿ ವೃದ್ಧರ ಆರೈಕೆಯ ಕೆಲಸವು ಸೇರಿದೆ. ನಮ್ಮ ರಾಜ್ಯದಲ್ಲಿಯೂ ಕೌಶಲ್ಯಾಭಿವೃದ್ಧಿ ಇಲಾಖೆಯ ಕೈಕೆಳಗೆ ಅಂತರರಾಷ್ಟ್ರೀಯ ವಲಸೆ ಕೇಂದ್ರವೆಂಬದೊಂದು ಇದೆ. ಹಳ್ಳಿಯವರಿಗೆ ಏಜೆಂಟನ ಮನೆ ಗೊತ್ತಿರುವಷ್ಟು ಈ ಕೇಂದ್ರವು ಗೊತ್ತಿಲ್ಲವೆಂಬದು ದುಃಖದ ಸಂಗತಿ.

ಕರೆದ ಮೇಲೆ ನೋಡಿಕೊಳ್ಳುವದೂ ಕರೆಯುವದರ ಒಂದು ಭಾಗವೇ. ಭಾಷೆ ಕಲಿಸುವದು, ವಾರಕ್ಕೊಂದು ದಿವಸ ಬಿಡುವು ಕೊಡುವದು, ಊರಿನಲ್ಲಿ ಸಾವು ಸಂಭವಿಸಿದರೆ ಹೋಗಿಬರಲು ಬಿಡುವದು, ತಾನು ವರುಷವಿಡೀ ನೋಡಿಕೊಂಡ ವೃದ್ಧನು ತೀರಿಕೊಂಡ ಮರುದಿವಸವೇ "ಇನ್ನು ನಿನ್ನ ಕೆಲಸವಿಲ್ಲ" ಎನ್ನದೆ ಇರುವದು, ಇವೆಲ್ಲ ಸಂಬಳದ ಚೀಟಿಯಲ್ಲಿ ಕಾಣುವದಿಲ್ಲ. ಮತ್ತು ಇದರಲ್ಲಿ ಆ ವೃದ್ಧರ ಹಿತವೂ ಇದೆ. ನಿದ್ರೆಗೆಟ್ಟು, ಸಾಲದ ಚಿಂತೆಯಿಂದ ಕೈನಡುಗುವವಳು ಔಷಧದ ಅಳತೆಯನ್ನು ಹೇಗೆ ಸರಿಯಾಗಿ ನೋಡಾಳು?

ಇಷ್ಟು ಹೇಳಿದ ಮೇಲೆ ನಮ್ಮ ಮನೆಗಳ ಕಡೆಗೂ ತಿರುಗಬೇಕಾಗಿದೆ. ಮಕ್ಕಳು ಅಮೇರಿಕಕ್ಕೆ ಹೋದ ಮೇಲೆ ಬೆಂಗಳೂರಿನ ದೊಡ್ಡ ಮನೆಗಳಲ್ಲಿ ಒಂಟಿಯಾಗಿ ಉಳಿದ ತಾಯಿತಂದೆಗಳನ್ನು ನೋಡಿಕೊಳ್ಳುವವರು ಯಾರು? ಒಡಿಶಾ, ಜಾರ್ಖಂಡ್, ಅಸ್ಸಾಮುಗಳಿಂದ ಬಂದ ಹುಡುಗಿಯರು. ನೆಲಮಂಗಲ, ಹೊಸಕೋಟೆಯ ಹಳ್ಳಿಗಳಿಂದ ಹೋದ ನಮ್ಮ ಹೆಂಗಸರು. ಇವರನ್ನು ಹೋಮ್ ನರ್ಸ್ ಎಂದು ಕರೆಯುತ್ತಾರೆ. ಮನೆಯವರು ಕೊಡುವ ಹಣದಲ್ಲಿ ಏಜೆನ್ಸಿಯವನು ತಿಂಗಳು ತಿಂಗಳು ತನ್ನ ಪಾಲನ್ನು ಮುರಿದುಕೊಳ್ಳುವದು, ಮೊದಲನೆಯ ತಿಂಗಳ ಸಂಬಳವನ್ನು ಹಿಡಿದಿಟ್ಟುಕೊಳ್ಳುವದು, ರೋಗಿಯ ಕಾಲಬಳಿ ನೆಲದ ಮೇಲೆ ಮಲಗಿಸುವದು, ಭಾನುವಾರದ ಬಿಡುವಿಲ್ಲದಿರುವದು, ಇವು ಅಲ್ಲಿ ನಡೆಯದ ಸಂಗತಿಗಳಲ್ಲ. ಲಂಡನ್ನಿನ ಯಜಮಾನನನ್ನು ದೂರುವ ನಾವು ನಮ್ಮ ಅಜ್ಜಿಗೆಂದು ತಂದಿಟ್ಟ ಹುಡುಗಿಗೆ ಯಾವ ತಟ್ಟೆಯಲ್ಲಿ ಊಟ ಬಡಿಸುತ್ತೇವೆ? ಆ ಹುಡುಗಿಗೂ ಭಾಷೆ ಬಾರದ ಊರೇ ಇದು. ನಮ್ಮ ರಾಗಿಮುದ್ದೆಯೂ ಅವಳಿಗೆ ಪರದೇಶದ ಅನ್ನವೇ.

ಇನ್ನೊಂದು ಸಂಗತಿಗೆ ನಮ್ಮಲ್ಲಿ ಸಿದ್ಧವಾದ ಉತ್ತರವಿಲ್ಲ. ಪಟ್ಟಣದ ಆಸ್ಪತ್ರೆಯ ಆ ನರ್ಸು ಹೊರಟುಹೋದರೆ ಆಕೆಯ ವಾರ್ಡಿನ ರೋಗಿಗಳನ್ನು ಯಾರು ನೋಡುವರು? ಆಕೆಯ ಸ್ವಂತ ಅಜ್ಜಿಯ ಹುಣ್ಣಿಗೆ ಯಾರು ಮದ್ದು ಹಚ್ಚುವರು? ಲೋಕದ ಆರೋಗ್ಯ ಸಂಸ್ಥೆಯು 2010ರಲ್ಲಿ ಅಂಗೀಕರಿಸಿದ ನೇಮಕದ ನಿಯಮಾವಳಿಯು, ವೈದ್ಯರೂ ದಾದಿಯರೂ ಬಹಳ ಕಡಿಮೆ ಇರುವ ದೇಶಗಳಿಂದ ಐಶ್ವರ್ಯವಂತ ದೇಶಗಳು ಮೇಲಿಂದ ಮೇಲೆ ಎಳಕೊಳ್ಳಬಾರದೆಂದು ಬುದ್ಧಿಹೇಳುತ್ತದೆ. ಹಾಗೆ ಕಾಪಾಡತಕ್ಕ ದೇಶಗಳ ಪಟ್ಟಿಯಲ್ಲಿ ಭಾರತದ ಹೆಸರಿಲ್ಲ. ನಮ್ಮಲ್ಲಿ ಕಲಿತವರು ಬಹಳ ಮಂದಿ ಇರುವದು ನಿಜ. ಆದರೆ ದೇಶದ ಲೆಕ್ಕ ಬೇರೆ, ಹಳ್ಳಿಯ ಲೆಕ್ಕ ಬೇರೆ. ಆದರೂ ಆ ಹುಡುಗಿಯನ್ನು ಹೋಗಬೇಡವೆಂದು ತಡೆಯುವದಕ್ಕೆ ನಮಗೆ ಬಾಯಿಲ್ಲ. ಇಲ್ಲಿಯ ಆಸ್ಪತ್ರೆಯು ಆಕೆಗೆ ಕೊಟ್ಟ ಸಂಬಳವನ್ನು ನೋಡಿದರೆ, ಆಕೆಯನ್ನು ಕಳುಹಿಸಿದವರಲ್ಲಿ ನಾವೂ ಸೇರಿದ್ದೇವೆ.

ಸಭೆಗಳ ಹಿರಿಯರಿಗೆ ಕೆಲವು ಮಾತು. ಯಾರಾದರೂ ಹೊರಡುವದಕ್ಕೆ ಸಿದ್ಧರಾದಾಗ ಆಶೀರ್ವಾದದ ಪ್ರಾರ್ಥನೆಗೆ ಮಾತ್ರ ಹೋಗದೆ ಅದಕ್ಕಿಂತ ಮೊದಲೇ ಹೋಗಿರಿ. ಏಜೆಂಟನ ನೋಂದಣಿಯ ಸಂಖ್ಯೆಯನ್ನು ಕೇಳಿ, ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಪಟ್ಟಿಯಲ್ಲಿ ಅದು ಉಂಟೋ ಎಂದು ಕಾಲೇಜಿಗೆ ಹೋಗುವ ಹುಡುಗರಿಂದ ನೋಡಿಸಿರಿ. ಸಂಶಯವಿದ್ದರೆ ಬೆಂಗಳೂರಿನಲ್ಲಿರುವ ವಲಸೆ ರಕ್ಷಣಾಧಿಕಾರಿಯ ಕಚೇರಿಗೆ ಬರೆಯಿರಿ. ಕರಾರನ್ನು ಇಂಗ್ಲಿಷ್ ಬಲ್ಲ ಒಬ್ಬರು ಹುಡುಗಿಯ ಮುಂದೆಯೂ ತಾಯಿಯ ಮುಂದೆಯೂ ಕನ್ನಡದಲ್ಲಿ ಸಾಲುಸಾಲಾಗಿ ಓದಿ ಹೇಳಲಿ. ಸಂಬಳ, ತಾಸು, ಬಿಡುವು, ಬಿಟ್ಟುಬಂದರೆ ತೆರಬೇಕಾದ ಹಣ, ಈ ನಾಲ್ಕನ್ನು ಬೇರೆ ಕಾಗದದಲ್ಲಿ ಬರೆದುಕೊಳ್ಳಲಿ. ಕೊಡುವ ಹಣಕ್ಕೆಲ್ಲಾ ರಸೀದಿ ಕೇಳಿರಿ. ರಸೀದಿ ಕೊಡಲಾರೆನೆಂದರೆ ಆ ಹಣವನ್ನು ಕೊಡಬೇಡಿರಿ. ವಲಸೆ ಅನುಮತಿಯ ಮೇಲೆ ಹೋಗುವವರಿಗೆ ಪ್ರವಾಸಿ ಭಾರತೀಯ ವಿಮೆಯು ಎರಡು ವರುಷಕ್ಕೆ 275 ರೂಪಾಯಿಗೆ ದೊರೆಯುತ್ತದೆ. ಅಪಘಾತದಲ್ಲಿ ಸಾವಾದರೆ ಕುಟುಂಬಕ್ಕೆ 10 ಲಕ್ಷ. ಪಾಸ್‌ಪೋರ್ಟ್, ವೀಸಾ, ಕರಾರು ಇವುಗಳ ನಕಲುಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಸಭೆಯ ದಾಖಲೆಗಳೊಂದಿಗೆ ಇಟ್ಟುಕೊಳ್ಳಿರಿ. ಹೋದವಳಿಂದ ತಿಂಗಳಿಗೊಂದು ಸಾರಿ ಸಮಾಚಾರ ಬರುತ್ತದೋ ಎಂದು ಆಕೆಯ ತಾಯಿಯನ್ನು ಕೇಳಿರಿ, ಮತ್ತು ಬಾರದೆ ಇದ್ದರೆ ಎರಡನೆಯ ತಿಂಗಳ ತನಕ ಕಾಯಬೇಡಿರಿ.